ನಾಲ್ಕು ಗೆಳೆಯರು, ನಾಲ್ಕು ಫೋನು: ಹಾಸನದಲ್ಲಿ ನಾವು ತೆಗೆದ ಕಿರುಚಿತ್ರ

ಸೋಷಿಯಲ್ ಮೀಡಿಯಾ, ಗಂಡುಹುಡುಗರ ಒಂಟಿತನ ಅಂದ ಕೂಡಲೇ ಎಲ್ಲರ ಕಣ್ಣಿಗೂ ಒಂದೇ ದೃಶ್ಯ ಬರುತ್ತದೆ. ಕತ್ತಲೆ ರೂಮು, ಮಂಚ, ಮುಖದ ಮೇಲೆ ಫೋನಿನ ನೀಲಿ ಬೆಳಕು. ಡಿಗ್ರಿ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಈ ವಿಷಯ ಹಿಡಿದಾಗ ನಮ್ಮ ತಂಡದಲ್ಲೂ ಮೊದಲು ಬಂದ ಮಾತು ಅದೇ. ಆ ರೂಮಿನಿಂದ ಶುರು ಮಾಡೋದು ಬೇಡ ಅಂತ ನಾನು ಹಟ ಹಿಡಿದೆ. ಯಾಕಂದ್ರೆ ನಾನು ನೋಡಿದ ಒಂಟಿ ಹುಡುಗರು ಯಾರೂ ಒಬ್ಬರೇ ಇರಲಿಲ್ಲ. ಟೀ ಅಂಗಡಿ ಮುಂದೆ, ಕ್ರಿಕೆಟ್ ಗ್ರೌಂಡಿನಲ್ಲಿ, ಗುಂಪಿನ ಮಧ್ಯದಲ್ಲೇ ಇದ್ದರು.

ಫೋನನ್ನೇ ವಿಲನ್ ಮಾಡೋದಕ್ಕೂ ನನಗೆ ಮನಸ್ಸಿರಲಿಲ್ಲ. ನಮ್ಮ ಬ್ಯಾಚಿನ ಕಥೆ ನೋಡಿ. 2020ರಲ್ಲಿ ಲಾಕ್‌ಡೌನ್ ಆದಾಗ ನಾವೆಲ್ಲ ಇನ್ನೂ ಸ್ಕೂಲಿನಲ್ಲಿದ್ದೆವು. ಗೆಳೆತನ ಮಾಡೋ ವಯಸ್ಸಲ್ಲಿ ಕೈಗೆ ಫೋನ್ ಕೊಟ್ಟು ಮನೆಯಲ್ಲಿ ಕೂರಿಸಿದರು. ಅದೇ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ಬ್ಯಾನ್ ಆಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು. ಪಿಯುಸಿ ಮುಗಿದ ಮೇಲೆ ಅರ್ಧ ಜನ ಬೆಂಗಳೂರಿಗೆ ಹೋದರು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ರೈಲು ಶುರುವಾದಾಗಿನಿಂದ ಹಾಸನಕ್ಕೆ ಬೆಂಗಳೂರು ಹತ್ತಿರ ಆಗಿದೆ. ಮೊದಮೊದಲು ಗೆಳೆಯರು ಪ್ರತಿ ಶನಿವಾರ ಬರುತ್ತಾರೆ. ಆಮೇಲೆ ಹಬ್ಬಕ್ಕೆ ಮಾತ್ರ. ಆಮೇಲೆ ಅವರ ಸ್ಟೋರಿ ನೋಡಿ ಒಂದು ಹಾರ್ಟ್ ಒತ್ತಿದರೆ ಮಾತಾಡಿಸಿದ ಲೆಕ್ಕ. ಊರಲ್ಲಿ ಉಳಿದವನ ಕೈಯಲ್ಲಿ ಫೋನ್ ಇದೆ ನಿಜ. ಆದರೆ ಖಾಲಿ ಜಾಗ ಮೊದಲೇ ಇತ್ತು, ಫೋನು ಬಂದು ಅಲ್ಲಿ ಕೂತಿತು ಅಷ್ಟೇ.

ಬರೆಯೋಕೆ ಕೂರುವ ಮೊದಲು ಹುಡುಗರ ಹತ್ತಿರ ಮಾತಾಡಬೇಕಿತ್ತು. ಎದುರು ಕೂರಿಸಿಕೊಂಡು "ನಿಂಗೆ ಒಂಟಿ ಅನ್ನಿಸುತ್ತಾ?" ಅಂತ ಕೇಳಿದರೆ ಯಾರು ಹೇಳ್ತಾರೆ? "ಏ ಇಲ್ಲಪ್ಪ" ಅಂತ ನಕ್ಕು ಎದ್ದು ಹೋಗುತ್ತಾರೆ. ಹಾಗಾಗಿ ನಾವು ಪ್ರಶ್ನೆ ಕೇಳಲಿಲ್ಲ, ಜೊತೆಗೆ ಕೂತೆವು. ಮಹಾರಾಜ ಪಾರ್ಕಿನ ಬೆಂಚು, ಸಾಲಗಾಮೆ ರಸ್ತೆಯ ಟೀ ಅಂಗಡಿಗಳು, ಗೊರೂರು ದಾರಿಯಲ್ಲಿ ನಿಲ್ಲಿಸಿದ ಬೈಕು. ಅಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಹುಡುಗರು ಮುಖ ಮುಖ ನೋಡಿಕೊಂಡು ಮನಸ್ಸಿನ ಮಾತು ಆಡೋದಿಲ್ಲ. ಪಕ್ಕಪಕ್ಕ ಕೂತು ಇಬ್ಬರೂ ರಸ್ತೆ ಕಡೆ ನೋಡುತ್ತಿದ್ದರೆ ಆಡುತ್ತಾರೆ. ಬೈಕ್ ಓಡಿಸುವವನ ಬೆನ್ನಿಗೆ ಹಿಂದೆ ಕೂತವನು ಹೇಳುವಷ್ಟನ್ನು ಮನೆಯಲ್ಲಿ ಯಾರಿಗೂ ಹೇಳಿರುವುದಿಲ್ಲ. ಚಿತ್ರದಲ್ಲಿ ಯಾರನ್ನು ಎಲ್ಲಿ ಕೂರಿಸಬೇಕು, ಕ್ಯಾಮೆರಾ ಎಲ್ಲಿಡಬೇಕು ಅನ್ನೋದೆಲ್ಲ ಇದರಿಂದಲೇ ತೀರ್ಮಾನವಾಯಿತು. ಎದುರುಬದುರು ಕೂತು ಮಾತಾಡುವ ಒಂದು ಶಾಟ್ ಕೂಡ ನಮ್ಮ ಚಿತ್ರದಲ್ಲಿ ಇಲ್ಲ.

ನಮ್ಮ ಹತ್ತಿರ ಮನಸ್ಸು ಬಿಚ್ಚಿದವರ ಮಾತನ್ನು ಇದ್ದ ಹಾಗೆ ಎತ್ತಿ ಡೈಲಾಗ್ ಮಾಡಲಿಲ್ಲ. ಮೊದಲೇ ಹಾಗೆ ಮಾತು ಕೊಟ್ಟಿದ್ದೆವು. ಹಾಸನ ಚಿಕ್ಕ ಊರು. ಒಂದು ವಿವರ ಸಾಕು, ಇದು ಇಂಥವನ ಕಥೆ ಅಂತ ಗೊತ್ತಾಗಿಬಿಡುತ್ತದೆ.

ಕಥೆಗೆ ದಾರಿ ಸಿಕ್ಕಿದ್ದು ಹಾಸನಾಂಬೆಯಿಂದ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ದೇವಸ್ಥಾನದ ಬಾಗಿಲು ತೆಗೆಯುತ್ತಾರೆ. ದೀಪಾವಳಿ ಮುಗಿದ ಮೇಲೆ ಮುಚ್ಚಿದರೆ ಮತ್ತೆ ಒಂದು ವರ್ಷ. ಆ ದಿನಗಳಲ್ಲಿ ಊರು ತುಂಬಿ ಹೋಗುತ್ತದೆ, ಹೊರಗೆ ಹೋದವರೆಲ್ಲ ಬರುತ್ತಾರೆ. ನಮ್ಮ ಹುಡುಗ ಊರಲ್ಲೇ ಉಳಿದು ಅಪ್ಪನ ಅಂಗಡಿ ನೋಡಿಕೊಳ್ಳುವವನು. ಗೆಳೆಯರು ಬರುತ್ತಾರೆ ಅಂತ ಕಾಯುತ್ತಾನೆ. ಬರುತ್ತಾರೆ ಕೂಡ. ನಾಲ್ಕು ಜನ ಹಳೇ ಜಾಗದಲ್ಲಿ, ಗ್ರೌಂಡಿನ ಪಕ್ಕದ ಕಟ್ಟೆ ಮೇಲೆ ಕೂರುತ್ತಾರೆ. ಡೈಲಾಗ್ ಇಷ್ಟೇ:

"ಏನ್ ಮಗಾ, ಆರಾಮಾ?"
"ಹ್ಞೂಂ ಮಗಾ, ಆರಾಮು. ನೀನು?"
"ನಡೀತೈತೆ."

ಆಮೇಲೆ ಒಬ್ಬ ಫೋನ್ ತೆಗೆಯುತ್ತಾನೆ. ಒಂದು ರೀಲ್ ತೋರಿಸುತ್ತಾನೆ. ನಾಲ್ಕು ಜನರೂ ನಗುತ್ತಾರೆ. ಇನ್ನೊಬ್ಬ ಇನ್ನೊಂದು ತೋರಿಸುತ್ತಾನೆ. ನಮ್ಮ ಹುಡುಗ ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಮೂರನೇ ರೀಲ್ ಬರುತ್ತದೆ. ಇಡೀ ಚಿತ್ರದ ಜೀವ ಇದು. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಪ್ರೀತಿ ಇದೆ. ರೀಲ್ ತೋರಿಸೋದೂ ಒಂದು ರೀತಿ ಪ್ರೀತಿನೇ, ಬೇರೆ ರೀತಿ ತೋರಿಸೋಕೆ ಅವರಿಗೆ ಯಾರೂ ಕಲಿಸಿಲ್ಲ.

ಈ ದೃಶ್ಯದಲ್ಲಿ ಕ್ಯಾಮೆರಾ ಅವರ ಮುಂದೆ ಅಲ್ಲಾಡದೆ ನಿಂತಿರುತ್ತದೆ. ಕಟ್ ಇಲ್ಲ. ಆ ಹುಡುಗ ಬಾಯಿ ತೆರೆದು ಮುಚ್ಚಿದ್ದನ್ನು ಕ್ಲೋಸಪ್‌ನಲ್ಲಿ ತೋರಿಸೋಣ ಅಂತ ಕ್ಯಾಮೆರಾ ಹಿಡಿದ ಗೆಳೆಯ ಕೇಳಿದ. ನಾನು ಬೇಡ ಅಂದೆ. ಪಕ್ಕದಲ್ಲಿ ಕೂತ ಗೆಳೆಯರಿಗೆ ಕಾಣದೇ ಹೋದದ್ದು ನೋಡುವವರಿಗೂ ತಪ್ಪಿ ಹೋಗಬಹುದು ಅನ್ನುವಷ್ಟು ಚಿಕ್ಕದಾಗಿರಬೇಕು. ಕೆಲವರು ನೋಡುತ್ತಾರೆ, ಕೆಲವರು ನೋಡುವುದಿಲ್ಲ. ಹಾಗೇ ಇರಲಿ.

ರೀಲ್‌ಗಳ ವಿಷಯ ಬಂತು, ಇದನ್ನು ಹೇಳಲೇಬೇಕು. ಹುಡುಗರ ಫೋನಿಗೆ ಬರುವ ವಿಡಿಯೋಗಳಲ್ಲಿ ಒಂದು ಜಾತಿ ಇದೆ. ಸಿಗ್ಮಾ, ಆಲ್ಫಾ (ಯಾರಿಗೂ ಬಗ್ಗದ, ಯಾರೂ ಬೇಡ ಅನ್ನುವ 'ನಿಜವಾದ ಗಂಡಸು' ಅಂತ ಇವರು ಇಟ್ಟ ಹೆಸರುಗಳು), "ಸಿಂಹ ಯಾವತ್ತೂ ಒಂಟಿ", "ಯಾರನ್ನೂ ನಂಬಬೇಡ". ಹಿನ್ನೆಲೆಯಲ್ಲಿ ಗುಡುಗುವ ಮ್ಯೂಸಿಕ್. ಒಂಟಿಯಾಗಿ ನೋಯುತ್ತಿರುವ ಹುಡುಗನಿಗೆ ಇದು ಒಂಟಿತನವೇ ಗಂಡಸುತನ ಅಂತ ಹೇಳಿಕೊಡುತ್ತದೆ. ಇನ್ನೂ ಮುಂದೆ ಹೋದರೆ ಎಲ್ಲದಕ್ಕೂ ಹುಡುಗಿಯರೇ ಕಾರಣ ಅನ್ನುತ್ತದೆ. ನನಗೆ ಫೋನಿಗಿಂತ ಇದರ ಮೇಲೆ ಸಿಟ್ಟು ಜಾಸ್ತಿ. ನಮ್ಮ ಹುಡುಗನ ಸ್ಟೇಟಸ್ಸಿನಲ್ಲೂ ಒಂದು ಸಿಂಹ ಇದೆ. ಆರನೇ ಕ್ಲಾಸಿನ ತಂಗಿ ಅದನ್ನು ನೋಡಿ, "ಸಿಂಹ ಗುಂಪಲ್ಲಿ ಇರುತ್ತೆ ಕಣಣ್ಣ, ಒಂಟಿಯಾಗಿರೋದು ಹುಲಿ" ಅನ್ನುತ್ತಾಳೆ. ಅದು ನಿಜ ಕೂಡ. ಸಿಂಹಗಳು ಕುಟುಂಬ ಕಟ್ಟಿಕೊಂಡು ಬದುಕುವ ಪ್ರಾಣಿಗಳು. ಈ ಮಾತು ಬರೆದದ್ದು ನಮ್ಮ ಎಡಿಟರ್, ತಂಡದಲ್ಲಿದ್ದ ಹುಡುಗಿ. ಸ್ಕ್ರಿಪ್ಟ್ ಓದಿ ಅವಳು ಹೇಳಿದ ಇನ್ನೊಂದು ಮಾತು: "ಅವನ ದುಃಖ ಸರಿ. ಅಮ್ಮ, ತಂಗಿ ಬರೀ ಟೀ ತಂದುಕೊಡೋಕೆ ಇದ್ದಾರಾ?" ಅದರಿಂದಲೇ ತಂಗಿಯ ಪಾತ್ರ ಬೆಳೆಯಿತು. ಗಂಡುಹುಡುಗರ ಬಗ್ಗೆ ಚಿತ್ರ ಮಾಡುವ ತಂಡದಲ್ಲಿ ಹುಡುಗಿಯರು ಇರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಚಿತ್ರದಲ್ಲಿ ಕಾಣುವ, ಕೇಳುವ ರೀಲ್‌ಗಳನ್ನೆಲ್ಲ ನಾವೇ ತೆಗೆದೆವು. ಬೇರೆಯವರ ವಿಡಿಯೋ, ಹಾಡು ಬಳಸಿದರೆ ಹಕ್ಕಿನ ತಕರಾರು, ಯೂಟ್ಯೂಬಿಗೆ ಹಾಕಿದಾಗ ಕ್ಲೇಮ್ ಬರುತ್ತದೆ. ಒಬ್ಬ ಆಲೂಗಡ್ಡೆ ಮೂಟೆ ಎತ್ತಿ ಜಿಮ್ ಮಾಡಿದ, ಇನ್ನೊಬ್ಬ ಗುಡುಗು ದನಿಯಲ್ಲಿ ಉಪದೇಶ ಕೊಟ್ಟ. ಚಂದವಾಗಿ ಬಂತು.

ಇನ್ನು ಬೆಳಕು. ಕೊನೆಗೂ ಒಂದು ರಾತ್ರಿ ದೃಶ್ಯ ಬೇಕೇ ಆಯಿತು. ಗೆಳೆಯರು ವಾಪಸ್ ಹೋದ ಮೇಲೆ ಅವನು ಅಂಗಡಿಯ ಮಹಡಿಯಲ್ಲಿ ಮಲಗಿರುತ್ತಾನೆ. ಶೂಟ್ ಮಾಡಿದ್ದು ಫೋನಿನಲ್ಲೇ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎಲ್ಲವನ್ನೂ ಲಾಕ್ ಮಾಡಬಹುದು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 1/50 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುತ್ತದೆ, ಚಿತ್ರದಲ್ಲಿ ಪಟ್ಟೆ ಓಡುವುದಿಲ್ಲ. ಫೋನ್ ಪರದೆಯದ್ದು ಬೇರೆ ಕಥೆ. ಓಎಲ್‌ಇಡಿ ಪರದೆಗಳಲ್ಲಿ ಬ್ರೈಟ್‌ನೆಸ್ ಕಡಿಮೆ ಮಾಡಿದರೆ ಹಲವು ಫೋನುಗಳು ಬೆಳಕನ್ನು ಬೇಗ ಬೇಗ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ಕ್ಯಾಮೆರಾಗೆ ಕಾಣುತ್ತದೆ. ಅದಕ್ಕೇ ನಟನ ಕೈಯಲ್ಲಿದ್ದ ಫೋನಿನ ಆಟೋ ಬ್ರೈಟ್‌ನೆಸ್ ತೆಗೆದು, ಪೂರ್ತಿ ಏರಿಸಿದೆವು. ಬೆಳಕು ಹೆಚ್ಚು ಕಡಿಮೆ ಮಾಡಿದ್ದು ಫೋನನ್ನು ಮುಖಕ್ಕೆ ಹತ್ತಿರ, ದೂರ ಹಿಡಿದು ಮಾತ್ರ. ಮುಖದಿಂದ ಒಂದು ಅಡಿ ದೂರದಲ್ಲಿದ್ದ ಫೋನನ್ನು ಅರ್ಧ ಅಡಿಗೆ ತಂದರೆ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟು ಆಗುತ್ತದೆ.

ಸುಮ್ನೆ ಬಿಳಿ ಪರದೆ ಹಿಡಿದರೆ ಮುಖ ಸತ್ತ ಹಾಗೆ ಕಾಣುತ್ತದೆ. ನಿಜವಾಗಿ ರೀಲ್ ನೋಡುವವನ ಮುಖದ ಮೇಲೆ ಬಣ್ಣ ಬದಲಾಗುತ್ತಲೇ ಇರುತ್ತದೆ. ಹಳದಿ, ನೀಲಿ, ಒಮ್ಮೆಲೇ ಕೆಂಪು. ಆದ್ದರಿಂದ ಬರೀ ಬಣ್ಣಗಳ ಒಂದು ವಿಡಿಯೋ ಮಾಡಿ, ಹೆಚ್ಚುಕಡಿಮೆ ರೀಲ್ ಬದಲಾಗುವ ವೇಗದಲ್ಲೇ ಓಡಿಸಿ, ಅದನ್ನೇ ಲೈಟಾಗಿ ಬಳಸಿದೆವು. ಈ ದೃಶ್ಯದಲ್ಲಿ ಪರದೆಯ ಮೇಲೆ ಏನಿದೆ ಅಂತ ಒಮ್ಮೆಯೂ ತೋರಿಸಲಿಲ್ಲ. ಚಾಟ್ ಬಬಲ್‌ಗಳು ಗಾಳಿಯಲ್ಲಿ ತೇಲುವ ಶೈಲಿ ನನಗೆ ಹಿಡಿಸುವುದಿಲ್ಲ. ಅವು ಬಂದ ಕೂಡಲೇ ನಮ್ಮ ಕಣ್ಣು ಓದೋಕೆ ಹೋಗುತ್ತದೆ, ಮುಖ ಬಿಟ್ಟುಹೋಗುತ್ತದೆ.

ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿಗೆ ಹೋಗೋಣ ಅಂತ ತಂಡದಲ್ಲಿ ತುಂಬಾ ಆಸೆ ಇತ್ತು. ಹೇಮಾವತಿ ಹಿನ್ನೀರಿನಲ್ಲಿ ನಿಂತ ಆ ಗೋಡೆಗಳು ಯಾವ ಕಡೆಯಿಂದ ತೆಗೆದರೂ ಚಂದ. ಆದರೆ ಒಂಟಿತನ ತೋರಿಸೋಕೆ ಪಾಳುಬಿದ್ದ ಕಟ್ಟಡಕ್ಕೆ ಹೋದರೆ ಒಂಟಿತನ ಚಂದ ಆಗಿಬಿಡುತ್ತದೆ. ನಮಗೆ ಅದು ಬೇಡವಿತ್ತು. ಬಸ್ ಸ್ಟ್ಯಾಂಡ್ ಬದಿಯ ಅಂಗಡಿ, ಶಟರ್ ಅರ್ಧ ಎಳೆದದ್ದು, ಅಷ್ಟೇ ಸಾಕು ಅಂದುಕೊಂಡೆವು.

ಶಬ್ದಕ್ಕೆ ಒಂದು ಚಿಕ್ಕ ಕಾಲರ್ ಮೈಕು. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು ಆ ಜಾಗದ ಬರೀ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಕಡೆ ತುಂಬೋಕೆ ಅದು ಬೇಕು. ರಾತ್ರಿ ದೃಶ್ಯದಲ್ಲಿ ರೀಲ್‌ನ ಅದೇ ಗುಡುಗು ಮ್ಯೂಸಿಕ್ ಸುತ್ತಿ ಸುತ್ತಿ ಬರುತ್ತದೆ. ಅವನು ಸ್ಕ್ರಾಲ್ ಮಾಡುವುದನ್ನು ನಿಲ್ಲಿಸಿದ್ದಾನೆ, ಅದು ಮಾತ್ರ ನಿಂತಿಲ್ಲ. ಕೊನೆಯೇ ಇಲ್ಲದ ಸ್ಕ್ರಾಲ್ ಅನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಆಮೇಲೆ ಅದರ ಬಗ್ಗೆ ತಾವೇ ಬೇಸರ ಹೇಳಿಕೊಂಡಿದ್ದಾರೆ. ಪುಟ ಮುಗಿದರೆ ಮನುಷ್ಯ ಒಂದು ಕ್ಷಣ ಯೋಚಿಸುತ್ತಾನೆ, ಪುಟವೇ ಮುಗಿಯದಿದ್ದರೆ ಯೋಚಿಸೋದು ಯಾವಾಗ? ಎಡಿಟ್ ಮಾಡಿದ್ದು ಡಾವಿಂಚಿ ರಿಸಾಲ್ವ್ ಅನ್ನೋ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲಿ. ಕಟ್ಟೆಯ ದೃಶ್ಯ ಉದ್ದ, ಬೇರೆಲ್ಲ ಚುಟುಕು.

ಕೊನೆ ಹೇಗಿರಬೇಕು ಅನ್ನೋದರ ಮೇಲೆ ಜೋರು ಜಗಳವೇ ಆಯಿತು. ಅವನು ಜೀವ ಕಳೆದುಕೊಂಡರೆ ಎಫೆಕ್ಟ್ ಬರುತ್ತೆ ಅಂತ ಒಬ್ಬರು ವಾದಿಸಿದರು. ಅವರ ಮಾತಿಗೆ ಆಧಾರವೂ ಇತ್ತು. ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ನೂರರಲ್ಲಿ ಸುಮಾರು 72 ಗಂಡಸರು. ಈ ಅಂಕಿ ಓದಿದ ಮೇಲೆ ನನಗೆ ಇನ್ನೂ ಗಟ್ಟಿಯಾಯಿತು, ಬೇಡ ಅಂತ. ಸಿನಿಮಾ ಮಾಡುವವರಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಕೈಪಿಡಿ ತಂದಿದೆ. ವಿಧಾನ ತೋರಿಸಬೇಡಿ, ಕಷ್ಟದಿಂದ ಹೊರಬರುವವರನ್ನು ತೋರಿಸಿ, ಸಹಾಯ ಎಲ್ಲಿ ಸಿಗುತ್ತೆ ಹೇಳಿ ಅನ್ನುತ್ತದೆ. ಕೂತು ನೋಡುವವರಲ್ಲಿ ಅದೇ ಸ್ಥಿತಿಯ ಹುಡುಗ ಒಬ್ಬ ಇರುತ್ತಾನೆ. ಅವನಿಗೆ ನಾವು ತೋರಿಸುವ ದಾರಿ ಅದಾಗಬಾರದು. ಎಫೆಕ್ಟ್‌ಗೋಸ್ಕರ ಒಂದು ಸಾವು ಬರೆಯೋಕೆ ನನ್ನ ಕೈ ಬರಲಿಲ್ಲ.

ನಾವು ಇಟ್ಟ ಕೊನೆ ಇದು. ನಾಲ್ವರಲ್ಲಿ ಒಬ್ಬ ರೈಲು ತಪ್ಪಿಸಿಕೊಂಡು ವಾಪಸ್ ಬರುತ್ತಾನೆ. ಇಬ್ಬರೂ ಅಂಗಡಿ ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂರುತ್ತಾರೆ, ಮುಖ ರಸ್ತೆ ಕಡೆ. "ಮಗಾ, ಬೆಂಗಳೂರಲ್ಲಿ ನಂಗೆ ಯಾರೂ ಇಲ್ಲ ಕಣೋ" ಅನ್ನುತ್ತಾನೆ ವಾಪಸ್ ಬಂದವನು. ಊರಲ್ಲಿ ಉಳಿದವನೊಬ್ಬನೇ ಒಂಟಿ ಅಂದುಕೊಂಡಿದ್ದು ಅಲ್ಲಿ ಒಡೆಯುತ್ತದೆ. ಆಮೇಲೆ ಕಪ್ಪು ಪರದೆ ಮೇಲೆ ಟೆಲಿ ಮಾನಸ್ ನಂಬರು, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಟೈಟಲ್ ಕಾರ್ಡ್ ಬೇಗ ಹೋಗಿಬಿಡುತ್ತದೆ, ಅದಕ್ಕೇ ನಂಬರು ಬರೆದುಕೊಳ್ಳುವಷ್ಟು ಹೊತ್ತು ನಿಲ್ಲಿಸಿದ್ದೇವೆ.

ಮುಖ್ಯ ಪಾತ್ರ ಮಾಡಿದ ಹುಡುಗ ನಟ ಅಲ್ಲ, ಜೂನಿಯರ್. ಇಂಥ ಪಾತ್ರ ಮೈಮೇಲೆ ಹಾಕಿಕೊಂಡು ರಾತ್ರಿ ಒಬ್ಬನೇ ರೂಮಿಗೆ ಹೋಗೋದು ಸರಿಯಲ್ಲ ಅಂತ ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಊಟ ಮಾಡಿ, ಅವನ ಜೊತೆ ಹರಟಿಯೇ ಕಳಿಸುತ್ತಿದ್ದೆವು. ಇಂಥ ಚಿತ್ರ ಮಾಡುವವರು ದಯವಿಟ್ಟು ಇಷ್ಟು ಮಾಡಿ.

ಕಾಲೇಜಿನಲ್ಲಿ ತೋರಿಸಿದಾಗ ಚರ್ಚೆಗೆ ಅಂತ ಮೈಕ್ ಇಟ್ಟಿದ್ದರು. ಹುಡುಗಿಯರು ಮಾತಾಡಿದರು, ಮೇಷ್ಟ್ರುಗಳು ಮಾತಾಡಿದರು. ಹುಡುಗರು ಮೈಕ್ ಹತ್ತಿರ ಬರಲಿಲ್ಲ. ಮಾತು ಬಂದದ್ದು ಆಮೇಲೆ, ಹೊರಗೆ ಬೈಕ್ ಸ್ಟ್ಯಾಂಡಿನಲ್ಲಿ. ಈಗ ಸಕಲೇಶಪುರ, ಅರಕಲಗೂಡು ಕಡೆಯ ಹಾಸ್ಟೆಲ್‌ಗಳಲ್ಲಿ ತೋರಿಸೋ ತಯಾರಿ ನಡೆದಿದೆ. ಅಲ್ಲಿ ಮೈಕ್ ಇಡುವುದಿಲ್ಲ. ಚಿತ್ರ ಮುಗಿದ ಮೇಲೆ ಹೊರಗೆ ಟೀ ಇರುತ್ತದೆ, ಮೆಟ್ಟಿಲ ಮೇಲೆ ಜಾಗ ಇರುತ್ತದೆ, ನಮ್ಮ ತಂಡದವರು ಒಬ್ಬೊಬ್ಬರು ಒಂದೊಂದು ಕಡೆ ಕೂತಿರುತ್ತೇವೆ. ಹಾಸ್ಟೆಲ್ ವಾರ್ಡನ್‌ಗಳಿಗೆ ಕೇಳಿಕೊಂಡಿರುವುದು ಒಂದೇ, ಆ ದಿನ ರಾತ್ರಿ ಲೈಟ್ ಆರಿಸೋ ಹೊತ್ತನ್ನು ಸ್ವಲ್ಪ ಮುಂದಕ್ಕೆ ಹಾಕಿ ಅಂತ.