ದಿನಕ್ಕೊಂದು ಸಂಜೆಯ ಆಕಾಶ: ತೈಲವರ್ಣದಲ್ಲಿ ಬಿಡಿಸುವ ಬಗೆ

ಸಂಜೆಯ ಆಕಾಶವನ್ನು ತೈಲವರ್ಣದಲ್ಲಿ ಬಿಡಿಸಲು ಹೊರಟ ಹೊಸಬರ ಹಲಗೆಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಒಂದೇ ತಪ್ಪು. ದಿಗಂತದ ಹಳದಿಯೂ ಮೇಲಿನ ನೀಲಿಯೂ ಕೂಡುವ ಜಾಗದಲ್ಲಿ ಪಾಚಿಗಟ್ಟಿದಂತಹ ಹಸಿರು ಹುಟ್ಟಿ, ಇಡೀ ಚಿತ್ರ ಕೆಟ್ಟುಹೋಗಿರುತ್ತದೆ.

6×8 ಇಂಚಿನ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಗಳಿಗೆ ಎರಡು ಸಲ ಗೆಸ್ಸೊ ಎಂಬ ಬಿಳಿಯ ತಳಬಣ್ಣ ಬಳಿದು ಒಣಗಿಸಿ, ತೆಳುವಾಗಿ ಬರ್ಂಟ್ ಸಿಯೆನ್ನಾ ಎಂಬ ಕಾವಿ ಬಣ್ಣ ಹಚ್ಚಿ ಮೊದಲೇ ಸಿದ್ಧವಾಗಿಟ್ಟುಕೊಳ್ಳಿ. ಬಿಳಿಯ ಹಲಗೆಯ ಮೇಲೆ ಯಾವ ಬಣ್ಣವಾದರೂ ಇರುವುದಕ್ಕಿಂತ ಗಾಢವಾಗಿ ಕಾಣುವುದರಿಂದ ಕಣ್ಣು ಮೋಸಹೋಗುತ್ತದೆ. ಬಣ್ಣಗಳು ಐದು ಸಾಕು: ಟೈಟಾನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೋ, ಕ್ವಿನಾಕ್ರಿಡೋನ್ ರೋಸ್, ಅಲ್ಟ್ರಾಮರೀನ್ (ನೀಲಿ), ಬರ್ಂಟ್ ಸಿಯೆನ್ನಾ. ಹಳೆಯ ಬಗೆಯ ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು ಬೆಳಕಿಗೆ ಮಾಸುತ್ತದೆ, ಕೊಳ್ಳಬೇಡಿ. ಬಣ್ಣವನ್ನು ತೆಳುವಾಗಿಸುವ ಟರ್ಪೆಂಟೈನ್ ದುಬಾರಿಯೆಂದು ಸೀಮೆಎಣ್ಣೆ ಬೆರೆಸುವವರಿದ್ದಾರೆ. ಅದು ಜಿಡ್ಡು ಉಳಿಸಿ ಬಣ್ಣವನ್ನು ಒಣಗಗೊಡುವುದಿಲ್ಲ.

ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ತಾರಸಿ ಹತ್ತಿ ಕುಳಿತುಕೊಳ್ಳಿ. ಬೆಂಗಳೂರಿನಲ್ಲಿ ಸೂರ್ಯ ಕಂತಿದ ಮೇಲೆ ಬಣ್ಣ ಬಿಡಿಸುವಷ್ಟು ಬೆಳಕು ಉಳಿಯುವುದು ಸುಮಾರು 20 ನಿಮಿಷ ಮಾತ್ರ. ಆದುದರಿಂದ ಒಂದು ಕ್ಷಣದ ಆಕಾಶವನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು; ಬದಲಾಗುವ ಬಣ್ಣಗಳ ಹಿಂದೆ ಓಡಬಾರದು. ಮೊದಲು ಕೆಳಗಿನ ತೆಂಗಿನಮರ, ನೀರಿನ ಟ್ಯಾಂಕುಗಳನ್ನು ಒಂದೇ ಗಾಢ ಪಟ್ಟಿಯಾಗಿ ಹಚ್ಚಿಬಿಡಿ.

ಇನ್ನು ಮುಖ್ಯವಾದ ಹಂತ. ಹಳದಿ ಮತ್ತು ನೀಲಿಯ ನಡುವೆ ಮೂರನೆಯ ಪಟ್ಟಿಯೊಂದು ಬೇಕು. ಬಿಳಿಗೆ ರೋಸ್ ಸೇರಿಸಿ, ಕಡಲೆಕಾಳಿನಷ್ಟು ಅಲ್ಟ್ರಾಮರೀನ್ ಬೆರೆಸಿದರೆ ಬೂದು ಮಿಶ್ರಿತ ಗುಲಾಬಿ ಬರುತ್ತದೆ. ಕಣ್ಣನ್ನು ಅರೆಮುಚ್ಚಿ ನೋಡಿದಾಗ ಅದು ಕೆಳಗಿನ ಹಳದಿಗಿಂತ ತುಸು ಗಾಢವಾಗಿ, ಮೇಲಿನ ನೀಲಿಗಿಂತ ತುಸು ತಿಳಿಯಾಗಿ ಕಾಣಬೇಕು. ಹಾಗೆ ಕಾಣುವವರೆಗೂ ಹಲಗೆಯನ್ನು ಮುಟ್ಟದೆ ಪ್ಯಾಲೆಟ್ ಮೇಲೆಯೇ ತಿದ್ದಿ. ಮೂರು ಪಟ್ಟಿಗಳನ್ನೂ ಒಂದಕ್ಕೊಂದು ತಾಗದಂತೆ, ನಡುವೆ ಅಕ್ಕಿಕಾಳಿನಷ್ಟು ಕಾವಿ ಬಣ್ಣ ಕಾಣುವಂತೆ ಹಚ್ಚಿ. ಅನಂತರ ಒಣಗಿದ, ಶುಚಿಯಾದ ಚಪ್ಪಟೆ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಸಾಗುತ್ತ, ಅಂಚುಗಳ ಮೇಲೆ ಅಡ್ಡವಾಗಿ ಒಂದೊಂದೇ ಗೆರೆ ಎಳೆದು, ಪ್ರತಿ ಗೆರೆಯ ಬಳಿಕವೂ ಬ್ರಷ್ ಒರೆಸಿಕೊಳ್ಳಿ. ಒರೆಸಲು ಬೇಸರಪಟ್ಟವರಿಗೇ ಹಸಿರು ಕಾಡುವುದು. ಒಂದು ಅಂಚಿನ ಮೇಲೆ ಎರಡು ಸಲಕ್ಕಿಂತ ಹೆಚ್ಚು ಕೈಯಾಡಿಸಬೇಡಿ. ಬೀಸಣಿಗೆ ಆಕಾರದ ಬ್ರಷ್ ಇದಕ್ಕೆ ಬೇಡವೇ ಬೇಡ. ಅದು ಆಕಾಶವನ್ನು ಹೊಗೆಯಾಗಿಸುತ್ತದೆ. ಮಳೆ ನಿಂತ ಸಂಜೆಗಳಲ್ಲಿ ನಿಜವಾಗಿಯೇ ತಿಳಿಹಸಿರು ಕಾಣುವುದುಂಟು. ಅದನ್ನು ಬೇರೆಯಾಗಿ ಕಲಸಿ ಹಚ್ಚಬೇಕೇ ಹೊರತು ತಾನಾಗಿ ಹುಟ್ಟಲು ಬಿಡಬಾರದು.

ಮೋಡಗಳನ್ನು ಕೊನೆಯಲ್ಲಿ, ದಪ್ಪ ಬಣ್ಣದಲ್ಲಿ, ಕಡಿಮೆ ಗೆರೆಗಳಲ್ಲಿ ಇಡಿ.

ಹಲಗೆಯ ಹಿಂದೆ ದಿನಾಂಕ, ಸಮಯ, ಗಾಳಿಯ ದಿಕ್ಕು ಬರೆಯಿರಿ. ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಬಿಡಿಸಿದ ಮೋಡಗಳ ಹಲವು ತೈಲಚಿತ್ರಗಳ ಹಿಂದೆ ಇಂತಹ ಟಿಪ್ಪಣಿಗಳಿವೆ. ಒಂದು ತಿಂಗಳ ಹಲಗೆಗಳನ್ನು ಸಾಲಾಗಿ ಜೋಡಿಸಿದಾಗ ಯಾವ ಗಾಳಿಗೆ ಯಾವ ಬಣ್ಣ ಬಂದಿತೆಂಬುದು ಆ ಬರಹದಿಂದಲೇ ತಿಳಿಯುತ್ತದೆ.

ತೈಲವರ್ಣ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುವುದರಿಂದ ಹಲಗೆಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ನನ್ನ ಮೊದಲ ಮಳೆಗಾಲದ ಹನ್ನೊಂದು ಹಲಗೆಗಳು ಟ್ರಂಕಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಹಾಳಾದವು. ಬ್ರಷ್ ಒರೆಸಿ, ತೈಲವರ್ಣದಲ್ಲಿರುವ ಅಗಸೆ ಎಣ್ಣೆ ಹೀರಿದ ಬಟ್ಟೆಗಳ ಮುದ್ದೆ ಅದೇ ಕ್ರಿಯೆಯಿಂದ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ತಾರಸಿಯಿಂದ ಇಳಿಯುವ ಮುನ್ನವೇ ಅವನ್ನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.