ಹಳ್ಳಕ್ಕೆ ಸೇತುವೆ ಕಟ್ಟುವ ಮುಂಚೆ: ಮೂಡಿಗೆರೆ ಕಡೆಯ ನನ್ನ ಅನುಭವ

ಮೂಡಿಗೆರೆ, ಸಕಲೇಶಪುರದ ಸುತ್ತ ತೋಟಗಳಿಗೆ ಮೋರಿ, ಸಣ್ಣ ಸೇತುವೆ ಕಟ್ಟಿಸುವ ಸಿವಿಲ್ ಇಂಜಿನಿಯರ್ ನಾನು. ಕೆಲಸಕ್ಕೆ ಕರೆದವರು ಮೊದಲು ಕೇಳುವುದು "ಎಷ್ಟು ಪೈಪ್ ತರಿಸ್ಬೇಕು ಸರ್?" ಅಂತ. ನಾನು ಮೊದಲು ಕೇಳುವುದು ಗ್ರಾಮ ನಕ್ಷೆ ಮತ್ತು ಪಹಣಿ. ಹಳ್ಳದ ಕೆಲಸದಲ್ಲಿ ಅನುಮತಿಯ ಮುಕ್ಕಾಲು ಪಾಲು ಜಾಗ ಆರಿಸುವಾಗಲೇ ತೀರ್ಮಾನವಾಗಿರುತ್ತದೆ. ಇದನ್ನು ಒಂದೇ ಕೆಲಸದ ಉದಾಹರಣೆಯಿಟ್ಟು ಹೇಳುತ್ತೇನೆ.

ಮೂಡಿಗೆರೆ ತಾಲ್ಲೂಕಿನಲ್ಲಿ ಹೇಮಾವತಿಗೆ ಸೇರುವ ಒಂದು ಹಳ್ಳ. ಆಚೆ ದಡದಲ್ಲಿ ಕಾಫಿ ತೋಟ, ನಾಲ್ಕು ಮನೆ. ಮಳೆಗಾಲದಲ್ಲಿ ಓಡಾಟಕ್ಕಿದ್ದದ್ದು ಅಡಿಕೆ ಮರದ ಸಂಕ ಮಾತ್ರ. ಮಕ್ಕಳು ಶಾಲೆಗೆ ಅದರ ಮೇಲೇ ದಾಟಬೇಕಿತ್ತು. ಪಿಕಪ್ ಹೋಗುವಷ್ಟು ಸೇತುವೆ ಬೇಕೆಂದು ಮನೆಯವರು ಸೇರಿ ನನ್ನ ಬಳಿ ಬಂದರು. ಅವರು ತೋರಿಸಿದ ಜಾಗ ನೇರವಾಗಿತ್ತು, ದಾರಿಯೂ ಕಮ್ಮಿ. ಆದರೆ ಅಲ್ಲಿ ಆಚೆ ದಡಕ್ಕೆ ಹತ್ತಬೇಕಾದರೆ ಹಾಳು ಬಿದ್ದ ಗದ್ದೆಯ ಹಡ್ಲು, ಅಂದರೆ ಜೌಗು ನೆಲ, ದಾಟಬೇಕು. ಫೆಬ್ರವರಿಯಲ್ಲೂ ಅದರಲ್ಲಿ ಕಾಲು ಹೂತು ಹೋಗುತ್ತಿತ್ತು.

"ಮಣ್ಣು ತುಂಬಿದ್ರೆ ಆಯ್ತಲ್ಲ" ಎಂದರು ಒಬ್ಬರು. ಕಾನೂನಿನ ದೃಷ್ಟಿಯಿಂದ ಅವರ ಮಾತು ಪೂರ್ತಿ ತಪ್ಪಲ್ಲ. 2017ರ ಜೌಗು ಪ್ರದೇಶ ನಿಯಮಗಳು ಅನ್ವಯವಾಗುವುದು ರಾಮ್ಸಾರ್ ತಾಣಗಳಿಗೆ (ಅಂತರರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ ಜೌಗು ಪ್ರದೇಶಗಳಿಗೆ) ಮತ್ತು ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಿಗೆ. ನದಿಪಾತ್ರ, ಭತ್ತದ ಗದ್ದೆ, ನೀರಾವರಿಗೆಂದು ಕಟ್ಟಿದ ಕೆರೆ ಅದರ ವ್ಯಾಖ್ಯೆಯಿಂದ ಹೊರಗೆ. ನಿಯಮ ಅನ್ವಯವಾಗುವ ಕಡೆ, ಹಿಂದಿನ ಹತ್ತು ವರ್ಷದ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಬೇರೆ ಕಾಯಂ ಕಟ್ಟಡ ಕೂಡದು. ಕರ್ನಾಟಕದ ನಾಲ್ಕು ರಾಮ್ಸಾರ್ ತಾಣಗಳು ರಂಗನತಿಟ್ಟು, ಅಘನಾಶಿನಿ, ಮಾಗಡಿ ಕೆರೆ, ಅಂಕಸಮುದ್ರ. ಚಿಕ್ಕಮಗಳೂರು, ಹಾಸನದಲ್ಲಿ ಒಂದೂ ಇಲ್ಲ.

ಹಾಗೆಂದು ನಾನು ಹಡ್ಲು ಮುಟ್ಟಲು ಒಪ್ಪಲಿಲ್ಲ. ಕೆಳಗಿನ ಮನೆಗಳ ಬಾವಿಯಲ್ಲಿ ಏಪ್ರಿಲ್‌ವರೆಗೆ ನೀರು ನಿಲ್ಲುವುದು ಆ ಹಡ್ಲಿನ ದೆಸೆಯಿಂದ. ಅಡ್ಡಲಾಗಿ ಏರಿ ಹಾಕಿದರೆ ಒಂದು ಕಡೆ ಕೆರೆಯಾಗುತ್ತದೆ, ಇನ್ನೊಂದು ಕಡೆ ಒಣಗುತ್ತದೆ, ನಡುವೆ ಏರಿ ವರ್ಷವರ್ಷವೂ ಕುಸಿಯುತ್ತದೆ. ಸ್ವಲ್ಪ ಮೇಲಕ್ಕೆ ನಡೆದು ನೋಡಿದಾಗ ಎರಡೂ ದಡದಲ್ಲಿ ಬಂಡೆ ಹಾಸಿದ, ಹಳ್ಳ ಕಿರಿದಾಗುವ ಜಾಗ ಸಿಕ್ಕಿತು. ದಾರಿ ಉದ್ದವಾಯಿತು, ಅಡಿಪಾಯದ ಖರ್ಚು ಇಳಿಯಿತು. ದೊಡ್ಡ ಮರ ಕಡಿಯುವ ಪ್ರಮೇಯವೂ ಬರಲಿಲ್ಲ. ಒಂದೆರಡು ಸಿಲ್ವರ್ ಓಕ್ ಮರ ಬಿಟ್ಟರೆ ದಡದ ನೀರುನೇರಳೆ, ವಾಟೆ, ಕೇದಿಗೆ ಎಲ್ಲ ಇದ್ದಲ್ಲೇ ಉಳಿದವು. ಸಿಲ್ವರ್ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕಾಡುಮರವಾಗಿದ್ದರೆ ಅದಕ್ಕೇ ಒಂದು ಬೇರೆ ಕಡತ ತೆರೆಯಬೇಕಾಗುತ್ತಿತ್ತು.

ಇನ್ನು ಹಳ್ಳ ಯಾರದ್ದು ಎಂಬ ಪ್ರಶ್ನೆ. ತೋಟದ ನಡುವೆ ಹರಿದರೆ ತೋಟದವರದ್ದೇ ಎಂದು ಬಹಳ ಜನ ನಂಬಿದ್ದಾರೆ. ಪಹಣಿಯಲ್ಲಿ ಖರಾಬು ಎಂಬ ಅಂಕಣ ನೋಡಿ. 'ಅ' ಖರಾಬು ಸಾಗುವಳಿಗೆ ಬಾರದ ಜಾಗ, ಹಿಡುವಳಿಗೆ ಸೇರಿದ್ದು. 'ಬ' ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. 1964ರ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ, ಬೇರೆಯವರ ಹಕ್ಕು ಸಾಬೀತಾಗದ ಹೊರತು ಹೊಳೆ, ಹಳ್ಳ, ಕೆರೆ ಎಲ್ಲವೂ ಸರ್ಕಾರದ ಸ್ವತ್ತು. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತಕ್ಷಣ ಗೊತ್ತಾಗುತ್ತದೆ, ಆದರೆ ಅದನ್ನೇ ದಾಖಲೆಯೆಂದು ಕೊಟ್ಟರೆ ಯಾವ ಕಚೇರಿಯೂ ಒಪ್ಪುವುದಿಲ್ಲ. ಗ್ರಾಮ ನಕ್ಷೆ, ಟಿಪ್ಪಣಿ (ಸರ್ವೆ ನಂಬರಿನ ಅಳತೆ ಚಿತ್ರ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಪ್ರತಿ ತೆಗೆಸಿ, ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕಿ, ಭೂಮಾಪಕರಿಂದ ಹಳ್ಳದ ಎರಡೂ ಅಂಚು ಗುರುತು ಮಾಡಿಸಿದೆವು. ಮುಂದಿನ ಎಲ್ಲ ಕಡತವೂ ಆ ಒಂದು ನಕ್ಷೆಯ ಮೇಲೆ ನಿಂತಿತು.

ಸೇತುವೆ ಸರ್ಕಾರಿ ಜಾಗದ ಮೇಲೆ ಹಾಯುವುದರಿಂದ ಅರ್ಜಿ ತಹಶೀಲ್ದಾರರಿಗೆ ಹೋಯಿತು. ಅದಕ್ಕೂ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿದೆವು: ಸೇತುವೆ ಎಲ್ಲರ ಓಡಾಟಕ್ಕೂ ತೆರೆದಿರುತ್ತದೆ, ಗೇಟ್ ಹಾಕುವುದಿಲ್ಲ, ಖರಾಬಿನ ಮೇಲೆ ಯಾರೂ ಹಕ್ಕು ಕೇಳುವುದಿಲ್ಲ. ಒಬ್ಬ ಮಾಲೀಕರಿಗೆ ಗೇಟ್ ಬಿಡಲು ಮನಸ್ಸಿರಲಿಲ್ಲ. "ನೋಡಿ ಗೌಡ್ರೇ, ಸರ್ಕಾರದ ಹಳ್ಳದ ಮೇಲೆ ಸ್ವಂತದ ಸೇತುವೆ ಅಂದ್ರೆ ಒತ್ತುವರಿ ಅಂತಾರೆ. ಊರಿನ ಸೇತುವೆ ಅಂದ್ರೆ ಊರೇ ನಿಮ್ಮ ಜೊತೆ ನಿಲ್ಲುತ್ತೆ" ಎಂದು ಕೂತು ಮಾತಾಡಿದ ಮೇಲೆ ಸಹಿ ಹಾಕಿದರು. ಆ ಠರಾವೇ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕಾಗದ. ತಹಶೀಲ್ದಾರ್ ಕಚೇರಿಯಿಂದ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು ಬಂದು ಮಹಜರು ಮಾಡಿದರು. ಅಭಿಪ್ರಾಯ ಕೇಳಿ ಸಣ್ಣ ನೀರಾವರಿ ಇಲಾಖೆಗೆ, ವಲಯ ಅರಣ್ಯಾಧಿಕಾರಿಗೆ ಪತ್ರ ಹೋಯಿತು.

ನಮ್ಮ ಕಡೆ ಅರಣ್ಯ ಇಲಾಖೆಯ ಪತ್ರ ಬಿಟ್ಟು ಕೆಲಸಕ್ಕೆ ಕೈ ಹಾಕಲೇಬೇಡಿ. ಪಹಣಿಯಲ್ಲಿ ಕಂದಾಯ ಭೂಮಿ ಅಂತಿದ್ದರೂ ಮೀಸಲು ಅರಣ್ಯ ಮಾಡುವ ಉದ್ದೇಶ ತಿಳಿಸುವ 1963ರ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಧಿಸೂಚನೆಯಲ್ಲೋ ಡೀಮ್ಡ್ ಅರಣ್ಯದ (ಅರಣ್ಯವೆಂದೇ ಪರಿಗಣಿಸಿದ ಜಾಗದ) ಪಟ್ಟಿಯಲ್ಲೋ ಅದೇ ಸರ್ವೆ ನಂಬರ್ ಇರಬಹುದು. ಅರಣ್ಯ ಎಂದಾದರೆ ಕೇಂದ್ರದ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಪರಿವೇಶ್ ಎಂಬ ಆನ್‌ಲೈನ್ ಪೋರ್ಟಲ್ ಮೂಲಕ ಹೋಗಬೇಕು. ಅದು ಬೇರೆಯೇ ದಾರಿ. ಇನ್ನು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಹೆಸರು ಕೇಳಿ ಹೆದರಿ ಕೂತವರೂ ಇದ್ದಾರೆ. 2014ರಿಂದ ಅದರ ಕರಡು ಅಧಿಸೂಚನೆಗಳು ಬರುತ್ತಿವೆ, ಆರನೆಯದು 2024ರ ಜುಲೈ 31ರದು. ಅದರಲ್ಲಿ ನಿಷೇಧಕ್ಕೆ ಹೆಸರಿಸಿರುವುದು ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಹೆಚ್ಚು ಮಾಲಿನ್ಯದ 'ಕೆಂಪು' ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡದಂಥವು.

ಅರ್ಜಿಯನ್ನು ಬೇಕೆಂದೇ ಜೂನ್‌ನಲ್ಲಿ ಹಾಕಿದ್ದೆ, ಸ್ಥಳ ಪರಿಶೀಲನೆ ಜುಲೈ ಮಳೆಯಲ್ಲಿ ಆಗಲಿ ಅಂತ. ಬೇಸಿಗೆಯಲ್ಲಿ ಬಂದ ಅಧಿಕಾರಿ ಮೊಣಕಾಲು ನೀರು ನೋಡಿ ಎರಡು ಪೈಪ್ ಸಾಕು ಅನ್ನಬಹುದು. ತುಂಬಿದ ಹಳ್ಳದ ಮುಂದೆ ಯಾರೂ ಹಾಗನ್ನುವುದಿಲ್ಲ. 2019ರ ಆಗಸ್ಟ್ ಮಳೆಯನ್ನು ಮೂಡಿಗೆರೆಯವರು ಮರೆತಿಲ್ಲ. ಆ ಸಲ ನೀರು ಎಲ್ಲಿಗೆ ಬಂದಿತ್ತೆಂದು ಅಲ್ಲೇ ಹುಟ್ಟಿ ಬೆಳೆದ ಅಜ್ಜ ಒಬ್ಬರನ್ನು ಕೇಳಿದೆ. ಬೈನೆ ಮರಕ್ಕೆ ಕೈ ಇಟ್ಟು, "ಇಲ್ಲೀ ತಂಕ ಬಂದಿತ್ತು ಮಾರಾಯ, ವಾಟೆ ಮೆಳೆ ಬುಡಸಮೇತ ತೇಲಿ ಹೋಯ್ತು" ಎಂದರು. ಅಲ್ಲಿಗೆ ಬಣ್ಣದ ಗುರುತು ಹಾಕಿ, ಲೆವೆಲ್ ತೆಗೆದು, ಹಳ್ಳದ ಅಡ್ಡಸೀಳು ನಕ್ಷೆಯಲ್ಲಿ ಸೇರಿಸಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಎಸ್‌ಪಿ 13 ಕೈಪಿಡಿ ಸಣ್ಣ ಸೇತುವೆಗೆ ಪ್ರವಾಹವನ್ನು ಒಂದಕ್ಕಿಂತ ಹೆಚ್ಚು ವಿಧಾನದಲ್ಲಿ ಲೆಕ್ಕ ಹಾಕಿ ಎಂದು ಹೇಳುತ್ತದೆ. ದೊಡ್ಡ ಅಂಕಿಯನ್ನು ಹಿಡಿಯಬೇಕು, ಆದರೆ ಅದು ನಂತರದ ಅಂಕಿಗಿಂತ ಅರ್ಧಪಾಲಿಗೂ ಹೆಚ್ಚು ಮೀರಿರಬಾರದು. ಜಲಾನಯನದ ಮಳೆಯಿಂದ ಬಂದ ಲೆಕ್ಕಕ್ಕೂ ಅಜ್ಜನ ಗುರುತಿನಿಂದ ಬಂದ ಲೆಕ್ಕಕ್ಕೂ ಹೆಚ್ಚು ಅಂತರ ಇರಲಿಲ್ಲ. ಸಣ್ಣ ನೀರಾವರಿ ಇಲಾಖೆಯ ಇಂಜಿನಿಯರ್ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಆ ಹಾಳೆಯನ್ನೇ.

ಪೈಪ್ ಬೇಡ, ನಡುವೆ ಕಂಬವಿಲ್ಲದ ಒಂದೇ ಅಂಕಣ ಇರಲಿ ಎಂದು ನಾನು ಹಟ ಹಿಡಿದೆ. ಮಲೆನಾಡಿನ ಹಳ್ಳ ಬರೀ ನೀರನ್ನು ತರುವುದಿಲ್ಲ. ದಿಮ್ಮಿ, ವಾಟೆ ಮೆಳೆ, ಕಲ್ಲು ಎಲ್ಲ ಬರುತ್ತವೆ. ಪೈಪ್ ಬಾಯಿ ಕಟ್ಟಿದರೆ ನೀರು ಪಕ್ಕದ ಏರಿ ಕೊಚ್ಚಿ ಮೇಲಿನವರ ತೋಟಕ್ಕೆ ನುಗ್ಗುತ್ತದೆ. ಪೈಪಿನ ಕೆಳತುದಿಯಲ್ಲಿ ನೀರು ಗುಂಡಿ ಕೊರೆದು ಮೆಟ್ಟಿಲಾದರೆ ಮೊದಲ ಮಳೆಗೆ ಹತ್ತುಮೀನು ಮೇಲೆ ಹೋಗಲಾರವು. ತಳ ಮುಟ್ಟದ ಅಂಕಣಕ್ಕೆ ಖರ್ಚು ಜಾಸ್ತಿ, ನಿಜ. ಆದರೆ ಹರಿವಿಗೆ ಅಡ್ಡಿಯಿಲ್ಲ ಎಂದು ಇಲಾಖೆ ಬರೆದುಕೊಡಲು ಅದಕ್ಕಿಂತ ಸುಲಭದ ವಿನ್ಯಾಸ ಇಲ್ಲ.

ಒಂದು ಕಚೇರಿಯಲ್ಲಿ ಕಡತ ಬಹಳ ದಿನ ಕೂತಿತು. ಸ್ವೀಕೃತಿಯ ಸಂಖ್ಯೆ, ಠರಾವಿನ ಪ್ರತಿ ಜೊತೆಗಿಟ್ಟು ಲಿಖಿತವಾಗಿ ನೆನಪಿಸುತ್ತಾ ಹೋದೆವು. ಡಿಸೆಂಬರ್‌ಗೆ ನಿರಾಕ್ಷೇಪಣಾ ಪತ್ರ ಕೈಗೆ ಬಂತು.

ಕೆಲಸ ಜನವರಿಯಲ್ಲಿ ಶುರು. ಪತ್ರದ ಷರತ್ತುಗಳನ್ನು ಮೇಸ್ತ್ರಿಗೆ ಓದಿ ಹೇಳಿ, ಶೆಡ್ಡಿನ ಗೋಡೆಗೂ ಅಂಟಿಸಿದೆ. ಜೆಸಿಬಿ ಹಳ್ಳಕ್ಕೆ ಇಳಿಯಬಾರದು. ಅಗೆದ ಮಣ್ಣು ದಡದಲ್ಲಿ ಉಳಿಯಬಾರದು. ಹಳ್ಳದ ಮರಳು, ಕಲ್ಲು ಮುಟ್ಟುವಂತಿಲ್ಲ, ಅದು ಗಣಿ ಇಲಾಖೆಯ ವಿಷಯ. ಜಲ್ಲಿ, ಮರಳು ಪರ್ಮಿಟ್ ಸಮೇತ ತರಿಸಿ ರಸೀದಿ ಇಟ್ಟುಕೊಂಡೆವು. ಷರತ್ತಿನಲ್ಲಿ ಇಲ್ಲದ ಒಂದನ್ನು ನಾನೇ ಸೇರಿಸಿದೆ: ಮಿಕ್ಸರ್ ತೊಳೆದ ನೀರು ದೂರದ ಇಂಗುಗುಂಡಿಗೆ ಹೋಗಬೇಕು. ಸಿಮೆಂಟ್ ನೀರಿನ ಕ್ಷಾರ ಮೀನನ್ನು ಕೊಲ್ಲುತ್ತದೆ, ಬೇಸಿಗೆಯ ಸಣ್ಣ ಹರಿವಿನಲ್ಲಿ ಅದು ಬೇಗ ತಿಳಿಯಾಗುವುದೂ ಇಲ್ಲ.

ಮುಗಿದ ಮೇಲೆ ಕೆಲಸಕ್ಕೆ ಮುಂಚಿನ, ನಂತರದ ಫೋಟೋ, ಕೊನೆಯ ನಕ್ಷೆ, ಎಲ್ಲ ಪತ್ರಗಳ ಪ್ರತಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದೆವು. ಅದೇ ಒಂದು ಜೊತೆ ಆ ನಾಲ್ಕೂ ಮನೆಗಳಲ್ಲಿ ಇದೆ. ತೋಟ ಕೈ ಬದಲಾದಾಗ, ಸಾಲಕ್ಕೆ ಬ್ಯಾಂಕಿನವರು ದಾರಿಯ ದಾಖಲೆ ಕೇಳಿದಾಗ ತೋರಿಸಬೇಕಾದ್ದು ಅದನ್ನೇ.