ಮೊಲಾರಿಟಿ ಸರಿ ಬರಬೇಕಾದರೆ: ಆಕ್ಸಾಲಿಕ್ ಆಮ್ಲದ 0.05 ಮೋಲಾರ್ ದ್ರಾವಣ

ಮೊಲಾರಿಟಿ ಎಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ (ಅಣುಗಳನ್ನು ಎಣಿಸುವ ಏಕಮಾನ) ವಸ್ತು ಕರಗಿದೆ ಎಂಬ ಲೆಕ್ಕ. ಲೀಟರ್ ದ್ರಾವಣದ್ದು, ನೀರಿನದಲ್ಲ. 250 ಮಿ.ಲೀ. ನೀರು ಅಳೆದು ಅದಕ್ಕೆ ಆಮ್ಲ ಹಾಕಿದರೆ ಒಟ್ಟು ಗಾತ್ರ ಎಷ್ಟಾಯಿತೆಂದು ಗೊತ್ತಾಗುವುದಿಲ್ಲ. ಅದಕ್ಕೇ ಸ್ಟ್ಯಾಂಡರ್ಡ್ ಫ್ಲಾಸ್ಕ್, ಅಂದರೆ ಕತ್ತಿನ ಮೇಲೆ 250 ಮಿ.ಲೀ. ಗೆರೆ ಇರುವ ಗಾಜಿನ ಪಾತ್ರೆ, ಬೇಕು.

ತೂಗುವ ಮೊದಲು ಬಾಟಲಿಯ ಲೇಬಲ್ ಓದುತ್ತೇನೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಇರುವುದು ಎರಡು ನೀರಿನ ಅಣು ಸೇರಿದ ಹರಳು. ಅದರ ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 126.07 ಗ್ರಾಂ. 250 ಮಿ.ಲೀ.ಗೆ 126.07 × 0.05 × 0.25, ಅಂದರೆ 1.576 ಗ್ರಾಂ. ನೀರಿಲ್ಲದ ಆಮ್ಲದ 90.03 ಹಿಡಿದು ಲೆಕ್ಕ ಹಾಕಿ ಇದೇ ಹರಳನ್ನು 1.125 ಗ್ರಾಂ ತೂಗಿದರೆ ದ್ರಾವಣ 0.0357 ಮೋಲಾರ್‌ಗೆ ಇಳಿಯುತ್ತದೆ. ಆಮೇಲೆ ಎಷ್ಟು ಜಾಗ್ರತೆಯಿಂದ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದು ಎಷ್ಟು ಹಿಡಿಯುತ್ತದೆಂದು ಅಳೆಯುವುದು) ಮಾಡಿದರೂ ಉಪಯೋಗವಿಲ್ಲ.

ತಕ್ಕಡಿಯಲ್ಲಿ 1.5760 ಬರಲೇಬೇಕೆಂದು ಹರಳು ಹಾಕುತ್ತ ತೆಗೆಯುತ್ತ ಕೂರಬಾರದು. 1.5820 ಬಂದರೆ ಅದನ್ನೇ ಬರೆದುಕೊಂಡು 0.0502 ಮೋಲಾರ್ ಎಂದು ನಮೂದಿಸಿದರಾಯಿತು.

ಬೀಕರಿನಲ್ಲಿ ಸುಮಾರು 100 ಮಿ.ಲೀ. ಡಿಸ್ಟಿಲ್ಡ್ ನೀರು ಹಾಕಿ ಕರಗಿಸುತ್ತೇನೆ. ಬಿಸಿ ಮಾಡಿದ್ದರೆ ಪೂರ್ತಿ ಆರಿದ ಮೇಲೆಯೇ ಫನೆಲ್ ಮೂಲಕ ಫ್ಲಾಸ್ಕಿಗೆ. ಬಿಸಿಯಿದ್ದಾಗ ಗೆರೆ ಮುಟ್ಟಿಸಿದರೆ ತಣಿದ ಮೇಲೆ ಮಟ್ಟ ಇಳಿಯುತ್ತದೆ. ಬೀಕರ್, ಗಾಜಿನ ಕಡ್ಡಿ, ಫನೆಲ್ ಮೂರನ್ನೂ ಮೂರು ಸಲ ತೊಳೆದು ಆ ನೀರನ್ನೂ ಫ್ಲಾಸ್ಕಿಗೇ ಸೇರಿಸಬೇಕು. ಗೆರೆ ಹತ್ತಿರವಾದಾಗ ಡ್ರಾಪರ್ ಹಿಡಿದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ದ್ರಾವಣದ ಮೇಲ್ಮೈಯ ಕೆಳಬಾಗು ಗೆರೆಗೆ ತಾಗುವವರೆಗೆ ಹನಿ ಹನಿಯಾಗಿ ನೀರು. ಗೆರೆ ದಾಟಿತೋ, ಚೆಲ್ಲಿ ಮತ್ತೆ ತೂಗಬೇಕು. ಹೆಚ್ಚಾದದ್ದನ್ನು ಹೀರಿ ತೆಗೆದರೆ ಜೊತೆಗೆ ಆಮ್ಲವೂ ಹೋಗುತ್ತದೆ. ಮುಚ್ಚಳ ಹಾಕಿ ಹತ್ತು ಹದಿನೈದು ಸಲ ತಲೆಕೆಳಗು ಮಾಡಿ ಬೆರೆಸಿ. ಇದನ್ನು ಬಿಟ್ಟರೆ ಕತ್ತಿನ ಭಾಗದಲ್ಲಿ ಬರೀ ನೀರೇ ನಿಂತಿರುತ್ತದೆ, ಪಿಪೆಟ್ಟಿನಲ್ಲಿ (ದ್ರಾವಣ ಅಳೆದು ತೆಗೆಯುವ ಗಾಜಿನ ನಳಿಕೆ) ತೆಗೆದ ಒಂದೊಂದು ಸಲಕ್ಕೂ ಒಂದೊಂದು ರೀಡಿಂಗ್ ಬರುತ್ತದೆ. ಬೆರೆಸಿದ ಮೇಲೆ ಮಟ್ಟ ಗೆರೆಗಿಂತ ತುಸು ಕೆಳಗಿದ್ದರೆ ಚಿಂತೆ ಬೇಡ, ಮುಚ್ಚಳಕ್ಕೂ ಕತ್ತಿಗೂ ಅಂಟಿದ್ದು ಅದು. ಮತ್ತೆ ನೀರು ಹಾಕಬೇಡಿ.

ಆಕ್ಸಾಲಿಕ್ ಆಮ್ಲ ವಿಷ. ಪಿಪೆಟ್ಟಿಗೆ ರಬ್ಬರ್ ಬಲ್ಬ್ ಬೇಕೇ ಬೇಕು, ಬಾಯಿ ಹಚ್ಚಕೂಡದು.

ಈ ದ್ರಾವಣದ 10 ಮಿ.ಲೀ.ಗೆ ಸಾಕಷ್ಟು ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60–70 ಡಿಗ್ರಿಗೆ ಕಾಯಿಸಿದರೆ, ಟೈಟ್ರೇಶನ್‌ನಲ್ಲಿ ನೇರಳೆ ಬಣ್ಣದ 0.02 ಮೋಲಾರ್ ಪರ್ಮಾಂಗನೇಟ್ ದ್ರಾವಣ 10 ಮಿ.ಲೀ. ಹಿಡಿಯಬೇಕು. ಮೊದಲ ಹನಿಯ ಬಣ್ಣ ಹೋಗಲು ತಡವಾಗುತ್ತದೆ. ಮ್ಯಾಂಗನೀಸ್ ಅಯಾನು ಸ್ವಲ್ಪ ಹುಟ್ಟಿದ ಮೇಲೆ ಅದೇ ಕ್ರಿಯೆಗೆ ವೇಗ ಕೊಡುತ್ತದೆ. ಕಂದು ಕದಡು ಕಂಡರೆ ಸಲ್ಫ್ಯೂರಿಕ್ ಆಮ್ಲ ಸಾಲದಾಗಿದೆ, ಇಲ್ಲವೇ ಪರ್ಮಾಂಗನೇಟನ್ನು ಅವಸರದಿಂದ ಸುರಿದಿದ್ದೀರಿ.